ಆರು ಹಾರ್ನು, ಒಂದು ಆಂಪ್ಲಿಫೈಯರು

ಅಂತರಸಂತೆಯ ಚಿಕ್ಕಬಸಪ್ಪನಿಗೆ ಈಗ ಐವತ್ತೇಳು. ಅದರಲ್ಲಿ ಮೂವತ್ತೈದು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟುಕೊಂಡೇ ಬಾಳಿದವನು. ಸಂತೆಮಾಳದ ಎದುರು ಅವನ ಅಂಗಡಿ. ಬೋರ್ಡಿನ ಮೇಲೆ ಏನೋ ದೊಡ್ಡ ಹೆಸರು ಬರೆಸಿದ್ದಾನೆ, ಆದರೆ ಸುತ್ತಲ ಹಳ್ಳಿಯವರಿಗೆಲ್ಲ ಅದು ಬಸಪ್ಪನ ಮೈಕು, ಅಷ್ಟೇ. ಮದುವೆ, ತಿಥಿ, ಗೃಹಪ್ರವೇಶ, ಹಾಲಿನ ಡೇರಿಯ ಸಭೆ, ಯಾವುದೇ ಇರಲಿ, ಪುರೋಹಿತರಿಗಿಂತ ಮೊದಲು ಫೋನು ಬರುವುದು ಇವನಿಗೆ. ಕೆಲಸದಲ್ಲಿ ಹೆಸರು ಇಡುವ ಹಾಗಿಲ್ಲ. ಗುಣದಲ್ಲಿ ಮಾತ್ರ ಒಂದು ಊನ: ಯಾರು ಏನು ಕೇಳಿದರೂ ಇಲ್ಲ ಅನ್ನಲಾರ.

ಒಂದು ವೈಶಾಖದಲ್ಲಿ ಒಂದೇ ಮುಹೂರ್ತದ ಮೂರು ಮದುವೆಗೆ ಹೂಂ ಅಂದುಬಿಟ್ಟಿದ್ದ. ಇದ್ದದ್ದು ಎರಡೇ ಸೆಟ್ಟು. ಮೂರನೆಯದನ್ನು ತಾಲ್ಲೂಕು ಊರಾದ ಕೋಟೆಯಿಂದ ಎರವಲು ತಂದು, ಮೂರು ಚಪ್ಪರಕ್ಕೂ ಬೈಕಿನಲ್ಲಿ ಸುತ್ತಿ, ಒಂದು ಕಡೆಯೂ ಎಲೆಯ ಮುಂದೆ ಕೂರದೆ ಸಂಜೆ ಹಸಿದು ಮನೆಗೆ ಬಂದ. ಹೆಂಡತಿ ಪುಟ್ಟಮಲ್ಲಮ್ಮ ಮುದ್ದೆ ಇಡುತ್ತಾ, "ಊರಿಗೆಲ್ಲ ಹೂಂ, ನಂಗೊಬ್ಳಿಗೆ ಊಹೂಂ. ತವರಿಗೋಗಿ ಬತ್ತೀನಿ ಅಂದಾಗ ಮಾತ್ರ ನಿಮ್ ಬಾಯಿಗೆ ಇಲ್ಲ ಅನ್ನೋದು ಬತ್ತದೆ" ಅಂದಳು. ಅವನು ನಕ್ಕು ಸಾರು ಹಾಕಿಸಿಕೊಂಡ.

ಇದೇನು ಅಂಥ ಕೆಟ್ಟ ಗುಣ ಎಂದು ನೀವು ಕೇಳಬಹುದು. ಮನುಷ್ಯರ ನಡುವೆ ಅಲ್ಲದೇ ಇರಬಹುದು. ಸದ್ದು ಹೆಚ್ಚಿಸುವ ಪೆಟ್ಟಿಗೆ ಆಂಪ್ಲಿಫೈಯರ್ ಹತ್ತಿರ ಅದು ನಡೆಯುವುದಿಲ್ಲ. ಅದಕ್ಕೆ ದಾಕ್ಷಿಣ್ಯ ಎಂಬುದೇ ಇಲ್ಲ.

ಈ ಮಾತನ್ನು ಚಿಕ್ಕಬಸಪ್ಪನಿಗೆ ಕಲಿಸಿದವನು ಸಾಲಿಗ್ರಾಮದ ಲಿಂಗಯ್ಯ. ಮೈಕಿನ ಕೆಲಸ ಕಲಿಯುವಾಗ ಚಿಕ್ಕಬಸಪ್ಪ ಆರು ವರ್ಷ ಅವನ ಕೈಕೆಳಗೆ ದುಡಿದಿದ್ದ. ಲಿಂಗಯ್ಯನಿಗೆ ಶಾಲೆಯ ಓದು ಕಡಿಮೆ, ತಿಳಿವಳಿಕೆ ಜಾಸ್ತಿ. ಒಂದು ದಿನ ನಾಲೆಯ ಏರಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದಾಗ ಹೀಗೆ ಹೇಳಿದ್ದ: "ನೋಡ್ಲಾ ಬಸ್ಯಾ, ನಾಲೆ ಒಂದು, ತೂಬು ನಾಕು. ಒಂದೊಂದು ತೂಬು ತೆಗೆದಂಗೂ ನಾಲೆಯಿಂದ ನೀರು ಜಾಸ್ತಿ ಹೊರಡ್ತದೆ. ಒಂದೇ ಲೈನಿಗೆ ಹಾರ್ನು ಸೇರಿಸ್ತಾ ಹೋದ್ರೂ ಅಂಗೇಯ, ಪೆಟ್ಟಿಗೆಯಿಂದ ಕರೆಂಟು ಜಾಸ್ತಿ ಎಳೀತವೆ. ಓಮ್ ನಂಬರು ಕಮ್ಮಿ ಆಯ್ತು ಅಂದ್ರೆ ಭಾರ ಕಮ್ಮಿ ಆಯ್ತು ಅಂತಲ್ಲ, ಜಾಸ್ತಿ ಆಯ್ತು ಅಂತ. ಉಲ್ಟಾ ಲೆಕ್ಕ ಇದು. ಈ ಉಲ್ಟಾ ತಿಳ್ಕೊಂಡೋನು ಮೈಕ್‌ನೋನು, ತಿಳ್ಕೊಳ್ದೋನು ಪೆಟ್ಟಿಗೆ ಸುಡೋನು."

ಲೆಕ್ಕ ಕಷ್ಟದ್ದೇನಲ್ಲ. ಕಂಬದ ಮೇಲೆ ಕಟ್ಟುವ ಒಂದು ಹಾರ್ನು ಕರೆಂಟಿಗೆ ಒಡ್ಡುವ ತಡೆ ಹದಿನಾರು ಓಮ್. ಎರಡನ್ನು ಪಕ್ಕಪಕ್ಕ ಸೇರಿಸಿದರೆ ಎಂಟು. ನಾಲ್ಕು ಸೇರಿಸಿದರೆ ನಾಲ್ಕು. ಆಂಪ್ಲಿಫೈಯರ್ ಹಿಂದುಗಡೆ ಹದಿನಾರು, ಎಂಟು, ನಾಲ್ಕು ಎಂದು ಬರೆದ ತಿರುಪುಗಳಿರುತ್ತವೆ. ನಿಮ್ಮ ಹಾರ್ನುಗಳ ಲೆಕ್ಕ ಎಷ್ಟು ಬಂತೋ ಆ ತಿರುಪಿಗೆ ವೈರು ಸಿಕ್ಕಿಸಬೇಕು. ನಾಲ್ಕರಿಂದ ಕೆಳಗೆ ತಿರುಪು ಇರುವುದಿಲ್ಲ. ಇಲ್ಲದ್ದಕ್ಕೆ ಕಾರಣ ಇದೆ. ನೂರು ವ್ಯಾಟಿನ ಪೆಟ್ಟಿಗೆಗೆ ನಾಲ್ಕು ಓಮ್ ಕೊಟ್ಟರೆ ಅದು ಐದು ಆಂಪಿಯರ್ ಕರೆಂಟು ಹೊರಗೆ ಕಳಿಸುತ್ತದೆ, ಅದಕ್ಕಿಂತ ಹೆಚ್ಚು ಹೊರುವ ತಾಕತ್ತು ಅದಕ್ಕಿಲ್ಲ. ಚಿಕ್ಕಬಸಪ್ಪನಿಗೆ ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು.

ಅಂತರಸಂತೆಯಿಂದ ಮೂರು ಮೈಲಿ ಆಚೆ, ಆನೆ ಕಂದಕಕ್ಕೆ ಅಂಟಿಕೊಂಡ ಹಾಗೆ, ಕರಿಕಲ್ಲಹುಂಡಿ ಎಂಬ ಊರಿದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಕಾಡಿನಿಂದ ಆನೆ ಬರುವುದು ಅಲ್ಲಿ ಹೊಸತಲ್ಲ. ಎರಡು ವರ್ಷದ ಹಿಂದೆ ಊರವರು ಕೂಡಿ ಒಂದು ಆಂಪ್ಲಿಫೈಯರ್ ತಂದು ಹಾಲಿನ ಡೇರಿಯ ಕೋಣೆಯಲ್ಲಿ ಇಟ್ಟರು. ಕರೆಂಟು ಇರಲಿ ಬಿಡಲಿ, ಬ್ಯಾಟರಿಯ ಮೇಲೆ ಅದು ನಡೆಯಬೇಕು. ಆನೆ ಕಂಡವರು ಫೋನು ಮಾಡಬೇಕು. ಡೇರಿಯ ಕಾರ್ಯದರ್ಶಿ ಕುಮಾರ ಮೈಕಿನಲ್ಲಿ ಕೂಗಬೇಕು. ಕಟ್ಟಿಕೊಟ್ಟವನು ಚಿಕ್ಕಬಸಪ್ಪ. ನೀರಿನ ಟ್ಯಾಂಕಿನ ಮೇಲೆ ಕಾಡಿನ ಕಡೆಯ ಹೊಲಕ್ಕೆ ಮುಖ ಮಾಡಿ ಒಂದು ಹಾರ್ನು, ಕೆರೆ ಬಯಲಿನ ಕಡೆಗೆ ಇನ್ನೊಂದು. ಎರಡು ಹಾರ್ನು, ಎಂಟು ಓಮ್. ಎರಡು ಕಡೆಯ ಹೊಲಕ್ಕೂ ಕೇಳಿಸುತ್ತಿತ್ತು.

ಅದನ್ನು ಕಟ್ಟಿ ಒಂದು ವಾರ ಆಗಿರಲಿಲ್ಲ, ಮೇಲಿನ ಕೇರಿಯವರು ಬಂದರು. ಹೊಲಕ್ಕೆ ಮಾತ್ರ ಕೂಗಿದರೆ ಮನೆಯಲ್ಲಿರುವ ಹೆಂಗಸರು ಮಕ್ಕಳು ಏನು ಮಾಡಬೇಕು, ನಮ್ಮ ಕೇರಿಗೊಂದು ಹಾಕು ಅಂದರು. ಹಾಕಿದ. ಮೇಲಿನ ಕೇರಿಗೆ ಹಾಕಿದ ಮೇಲೆ ಕೆಳಗಿನ ಕೇರಿ ಸುಮ್ಮನಿರುತ್ತದೆಯೇ? "ಆನೆ ಬಂದ್ರೆ ಮೇಲ್ಗಡೆಯೋರು ಮಾತ್ರ ಉಳೀಬೇಕಾ? ನಾವು ಊರಿನೋರಲ್ವಾ?" ಅಂದರು. ಅಲ್ಲಿಗೂ ಹಾಕಿದ. ಕರಿಕಲ್ಲಹುಂಡಿಯಲ್ಲಿ ಹಬ್ಬದ ಬಾಡೂಟದ ಪಾಲನ್ನೂ ತಕ್ಕಡಿ ಹಿಡಿದು ಕೇರಿಗೆ ಇಷ್ಟೆಂದು ಹಂಚುವ ಪದ್ಧತಿ. ಒಂದು ತೂಕ ಹೆಚ್ಚಾದರೂ ಮೂರು ತಿಂಗಳು ಮಾತು ಬಿಡುತ್ತಾರೆ. ಹಾರ್ನು ಕೂಡ ಅದೇ ತಕ್ಕಡಿಗೆ ಬಿತ್ತು. ಈಗ ನಾಲ್ಕು ಹಾರ್ನು, ನಾಲ್ಕು ಓಮ್. ವೈರನ್ನು ಕೊನೆಯ ತಿರುಪಿಗೆ ಸರಿಸಿದ. ಅಲ್ಲಿಗೆ ಸರಿಯಾಗಿತ್ತು, ಅಲ್ಲಿಗೇ ನಿಲ್ಲಬೇಕಿತ್ತು.

ಆಮೇಲೆ ಪಂಚಾಯಿತಿ ಮೆಂಬರು ಮರಿಯಯ್ಯ ಬಂದ. ಅವನ ಮನೆ ಮಾರಿಗುಡಿಯ ಎದುರಿಗಿದೆ. "ಎಲ್ಲಾ ಕೇರಿಗೂ ಹಾಕಿ ಗುಡಿ ಮುಂದೆ ಒಂದು ಇಲ್ಲ ಅಂದ್ರೆ ಏನಂದಾರು ಬಸಪ್ಪನೋರೆ? ತಾಯಿಗೆ ಕೇಳಿಸ್ಬೇಡ್ವಾ?" ಅಂದ. ತಾಯಿಯ ಹೆಸರು ಎತ್ತಿದ ಮೇಲೆ ಚಿಕ್ಕಬಸಪ್ಪನ ಕೈಯಲ್ಲಿ ಏನಿತ್ತು? ಐದನೆಯದೂ ಹತ್ತಿತು.

ಆರನೆಯದನ್ನು ಕೇಳಿದವನು ಜವರಯ್ಯ. ಅರವತ್ತೆರಡರ ರೈತ, ಊರಿಗೆ ಬೇಕಾದ ಮನುಷ್ಯ. ಚಿಕ್ಕಬಸಪ್ಪ ಊರಿಗೆ ಹೋದಾಗೆಲ್ಲ ಅವನ ಹೆಂಡತಿ ಕುಳ್ಳಮ್ಮ ಊಟ ಹಾಕದೆ ಕಳಿಸಿದ್ದಿಲ್ಲ. ಅವನ ಪಂಪ್ ಮನೆ ದಿಬ್ಬದ ಆಚೆ ಇತ್ತು, ದಿಬ್ಬ ಸದ್ದನ್ನು ತಡೆಯುತ್ತಿತ್ತು. "ನಮ್ ಪಂಪ್ ಮನೆಗೆ ಏನೂ ಕೇಳ್ಸಲ್ಲ ಕಣಪ್ಪ. ಗುಡಿಗೆ ಹಾಕ್ದೆ, ದೇವ್ರಿಗೇನು ಆನೆ ಭಯ್ವಾ? ನಂಗಿಲ್ವಾ?" ಅಂದ. ಆಮೇಲೆ ಕೇಳಿದ ನಾಲ್ಕರಲ್ಲಿ ನ್ಯಾಯವಾಗಿ ಬೇಕಾಗಿದ್ದದ್ದು ಇದೊಂದು. ಚಿಕ್ಕಬಸಪ್ಪ ದಿಬ್ಬದ ಮೇಲೆ ಕಂಬ ನೆಟ್ಟು ಆರನೆಯದನ್ನೂ ಕಟ್ಟಿದ.

ಅವನು ಲೆಕ್ಕ ಮರೆತಿರಲಿಲ್ಲ. ಹದಿನಾರನ್ನು ಆರರಿಂದ ಭಾಗಿಸಿದರೆ ಎರಡು ಮುಕ್ಕಾಲೂ ಬರುವುದಿಲ್ಲ. ಐದು ಆಂಪಿಯರ್ ಹೊರುವ ಪೆಟ್ಟಿಗೆಯ ಮೇಲೆ ಏಳೂವರೆ ಹೊರಿಸಿದ ಹಾಗಾಯಿತು. ಗೊತ್ತಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು. ಎರಡು ಮಾತು ಕೂಗಿ ನಿಲ್ಲಿಸುತ್ತಾರೆ, ಪೆಟ್ಟಿಗೆ ಕಾಯುವುದರೊಳಗೆ ಕೆಲಸ ಮುಗಿದಿರುತ್ತದೆ, ತಡೀತದೆ ಬಿಡು ಎಂದು ತನಗೆ ತಾನೇ ಹೇಳಿಕೊಂಡ.

ಆದರೆ ಕೂಗುವ ಬಗೆಯೇ ಬದಲಾಯಿತು. ಆನೆ ಒಂದೊಂದು ಸಲ ಹೊಲದಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ಕುಮಾರನಿಗೆ ಕೂಗಿ ಕೂಗಿ ಗಂಟಲು ಕಟ್ಟಿತು. ಅವನು ತಮಟೆ ಬಡಿತವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದ. ಆನೆ ಬಂದಿದೆ ಎಂದು ಒಂದು ಸಲ ಹೇಳುವುದು, ಆಮೇಲೆ ತಮಟೆ ಹಾಕಿಬಿಡುವುದು, ಆನೆ ಕಂದಕ ದಾಟಿತು ಎಂದು ಫೋನು ಬಂದ ಮೇಲೆ ನಿಲ್ಲಿಸುವುದು. ಯಾರೂ ಕೂತು ಮಾಡಿದ ಕಟ್ಟಳೆ ಅಲ್ಲ, ತಾನಾಗಿ ಬಂತು: ತಮಟೆ ಕೇಳುತ್ತಿದ್ದರೆ ಆನೆ ಇದೆ, ತಮಟೆ ನಿಂತರೆ ಆನೆ ಹೋಯಿತು. ಸಣ್ಣ ಮಕ್ಕಳಿಗೂ ಅದು ಬಾಯಿಪಾಠವಾಯಿತು.

ಮಾತಿನ ನಡುವೆ ಬಿಡುವು ಇರುತ್ತದೆ, ಪೆಟ್ಟಿಗೆ ಉಸಿರು ತೆಗೆದುಕೊಳ್ಳುತ್ತದೆ. ತಮಟೆಗೆ ಬಿಡುವಿಲ್ಲ. ಕಾರ್ತಿಕದಲ್ಲಿ ಹದಿನೈದು ದಿನದೊಳಗೆ ಎರಡು ಸಲ ಬ್ಯಾಟರಿ ಕಡೆಯ ಫ್ಯೂಸು ಸುಟ್ಟಿತು. ಚಿಕ್ಕಬಸಪ್ಪ ಬಂದು ಬೇರೆ ಹಾಕಿದ. ಮೂರನೆಯ ಸಲ ಕುಮಾರ ಫೋನು ಮಾಡಿದಾಗ ಅವನು ಕೋಟೆಯ ಒಂದು ಮದುವೆಗೆ ಸಾಮಾನು ತುಂಬುತ್ತಿದ್ದ. ಓಡಿ ಬಂದ. ಡಬ್ಬಿಯಲ್ಲಿ ಫ್ಯೂಸು ಮುಗಿದಿತ್ತು. ವೈರಿನ ತುಂಡೊಂದರ ಸಿಪ್ಪೆ ಸುಲಿದು, ತಾಮ್ರದ ಎಳೆ ಐದಾರನ್ನು ಹುರಿ ಮಾಡಿ ಫ್ಯೂಸಿನ ಜಾಗಕ್ಕೆ ಬಿಗಿದ. "ನಾಳೆ ಫ್ಯೂಸು ತಂದು ಆಕ್ತೀನಿ ಕುಮಾರ" ಅಂದ.

ಫ್ಯೂಸು ಇರುವುದೇ ಸಾಯುವುದಕ್ಕೆ. ಕರೆಂಟು ಮಿತಿ ಮೀರಿತು ಎಂದರೆ ಮೊದಲು ತಾನು ಸುಟ್ಟು ಪೆಟ್ಟಿಗೆ ಉಳಿಸುತ್ತದೆ. ಮೂರು ಸಲ ಅದು ತನ್ನ ಮಾತು ಹೇಳಿತ್ತು. ತಾಮ್ರದ ಹುರಿ ಅಷ್ಟು ಸುಲಭಕ್ಕೆ ಸುಡುವುದಿಲ್ಲ, ಹಾಗೆ ಮಾತಾಡುವುದೂ ಇಲ್ಲ. ನಾಳೆ ಎಂದವನು ಮದುವೆ, ಅದರ ಮಾರನೆಯ ದಿನದ ಬೀಗರೂಟ, ಪಿರಿಯಾಪಟ್ಟಣದ ಕಡೆ ಒಂದು ತಿಥಿ ಎಂದು ಎಲ್ಲರಿಗೂ ಹೂಂ ಅಂದುಕೊಂಡು ಹನ್ನೊಂದು ದಿನ ಕಳೆದ.

ಹನ್ನೆರಡನೆಯ ದಿನ ಬೆಳಗ್ಗೆ ಏಳೂವರೆಗೆ ಕರಿಕಲ್ಲಹುಂಡಿಗೆ ಒಂಟಿ ಸಲಗ ಬಂತು. ಕುಮಾರ ಕೂಗಿ ತಮಟೆ ಹಾಕಿದ. ಹೊಲದಲ್ಲಿದ್ದವರು ಊರ ಕಡೆ ಓಡಿದರು. ಪಂಪ್ ಮನೆಯಲ್ಲಿದ್ದ ಜವರಯ್ಯ ಒಳಗಿನಿಂದ ಅಗಳಿ ಹಾಕಿಕೊಂಡು ಕೂತ. ಅದೇ ಸರಿಯಾದ ಕ್ರಮ. ನಾಲ್ಕೈದು ನಿಮಿಷ ತಮಟೆ ಬಡಿಯಿತು. ಆಮೇಲೆ ಡೇರಿಯ ಕೋಣೆಯಲ್ಲಿ ಪೆಟ್ಟಿಗೆಯಿಂದ ಹೊಗೆ ಎದ್ದು, ಆರು ಹಾರ್ನೂ ಒಟ್ಟಿಗೆ ಬಾಯಿ ಮುಚ್ಚಿದವು.

ಜವರಯ್ಯನಿಗೆ ಕೇಳಿಸಿದ್ದು ತಮಟೆ ನಿಂತದ್ದು. ಅಂದರೆ ಆನೆ ಹೋಯಿತು. ಅಗಳಿ ತೆಗೆದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ವಾಲ್ವು ತಿರುಗಿಸೋಣ ಎಂದು ಹತ್ತು ಹೆಜ್ಜೆ ನಡೆದ. ಸಲಗ ಹಲಸಿನ ಮರದ ಮರೆಯಲ್ಲಿ ನಿಂತಿತ್ತು.

ಜೀವ ಹೋಗಲಿಲ್ಲ, ಅದು ಅವನ ಪುಣ್ಯ. ಬಲತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ಪಕ್ಕೆಲುಬು ಮೂರು. ಮೈಸೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿದರು. ಇನ್ನು ನಡೆದರೂ ಕೋಲು ಬೇಕು, ಹೊಲ ಉಳುವ ಮಾತು ಬಿಡಿ ಎಂದು ಡಾಕ್ಟರು ಮಗ ಶರತ್‌ಗೆ ಹೇಳಿದರು.

ಆನೆ ಬಂದ ದಿನವೇ ಮಧ್ಯಾಹ್ನ ಚಿಕ್ಕಬಸಪ್ಪ ಡೇರಿಗೆ ಬಂದು ಪೆಟ್ಟಿಗೆ ಬಿಚ್ಚಿದ್ದ. ಸುಟ್ಟ ವಾಸನೆ ಇನ್ನೂ ಆರಿರಲಿಲ್ಲ. ಹಾರ್ನಿಗೆ ಕರೆಂಟು ಕಳಿಸುವ ಔಟ್‌ಪುಟ್ ಟ್ರಾನ್ಸಿಸ್ಟರುಗಳೆಲ್ಲ ಸುಟ್ಟುಹೋಗಿದ್ದವು. ಫ್ಯೂಸಿನ ಜಾಗದಲ್ಲಿ ತಾಮ್ರದ ಹುರಿ ಮಾತ್ರ ಏನೂ ಆಗದೆ ಕೂತಿತ್ತು. ಕುಮಾರ ಹೊರಗೆ ಯಾರ ಜೊತೆಯೋ ಮಾತಾಡುತ್ತಿದ್ದ. ಚಿಕ್ಕಬಸಪ್ಪ ಹುರಿಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಮೂವತ್ತೈದು ವರ್ಷದಲ್ಲಿ ಒಬ್ಬರ ಮನೆಯ ಬಲ್ಬನ್ನೂ ಕದ್ದವನಲ್ಲ. ತನ್ನ ಮೇಲೇ ಅಸಹ್ಯ ಬಂತು, ಆದರೂ ಹಾಕಿಕೊಂಡ.

ಊರಿನಲ್ಲಿ ಅವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು, ಪೆಟ್ಟಿಗೆಯೇ ಕಳಪೆ, ಕಂಪನಿಯವನು ಡೂಪ್ಲಿಕೇಟು ಕಟ್ಟಿದ್ದಾನೆ ಎಂದು. ಇನ್ನೂ ಗ್ಯಾರಂಟಿ ಮುಗಿದಿರಲಿಲ್ಲ. ಶರತ್ ಮೈಸೂರಿನ ಅಂಗಡಿಗೆ ಹೋಗಿ ಜಗಳ ಆಡಿದ. ಅಂಗಡಿಯವನು, ಕಟ್ಟಿದ ಮೆಕ್ಯಾನಿಕ್ಕು ಒಂದು ಕಾಗದ ಬರೆದು ಕೊಡಲಿ, ಹಾರ್ನುಗಳ ಲೋಡು ಸರಿಯಾಗಿತ್ತು, ಫ್ಯೂಸು ಸರಿಯಾದದ್ದೇ ಇತ್ತು, ಪೆಟ್ಟಿಗೆ ತಾನಾಗಿ ಕೆಟ್ಟಿದೆ ಎಂದು, ಆಗ ಹೊಸ ಪೆಟ್ಟಿಗೆ ಕೊಡುತ್ತೇನೆ ಅಂದ. ಶರತ್ ಕಾಗದ ಟೈಪು ಮಾಡಿಸಿದ. ಅಪ್ಪನನ್ನು ಮನೆಗೆ ಕರೆತಂದ ಮೇಲೆ ಭಾನುವಾರ ಬಂದು ರುಜು ಹಾಕಿ ಸೀಲು ಒತ್ತಿ ಕೊಡಿ ಬಸಪ್ಪಣ್ಣ, ಎಂದು ಫೋನು ಮಾಡಿದ. ಚಿಕ್ಕಬಸಪ್ಪ ಹೂಂ ಅಂದ.

ಶನಿವಾರ ಅಂಗಿ ಒಗೆಯಲು ತೆಗೆದ ಪುಟ್ಟಮಲ್ಲಮ್ಮನ ಕೈಗೆ ಜೇಬಿನ ತಂತಿ ಸಿಕ್ಕಿತು.

"ಇದ್ಯಾಕ್ರೀ ಜೇಬಲ್ಲಿ ಮಡಿಕೊಂಡಿದ್ದೀರಿ? ಬಿಸಾಕ್ಲಾ?"

ಅವನು ಬಚ್ಚಲ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. ಹಾರ್ನು ಆರು, ಓಮ್ ಎಷ್ಟು, ಫ್ಯೂಸು ಮೂರು ಸಲ ಸುಟ್ಟದ್ದು, ನಾಳೆ ಎಂದದ್ದು. ಮಾತಿಗೊಂದು ಕುಟುಕುವ ಪುಟ್ಟಮಲ್ಲಮ್ಮ ಅವತ್ತು ಕುಟುಕಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

"ರುಜು ಹಾಕಿದ್ರೆ ಹೊಸಾ ಪೆಟ್ಟಿಗೆ ಬತ್ತದೆ. ಅದನ್ನ ಕಟ್ಟೋರು ಯಾರು?"

"ನಾನೇಯ."

"ಎಷ್ಟು ಹಾರ್ನಿಗೆ?"

ಹಾರ್ನುಗಳ ಲೋಡು ಸರಿಯಾಗಿತ್ತು ಎಂದು ರುಜು ಹಾಕಿದ ಮೇಲೆ ಆರಕ್ಕೇ ಕಟ್ಟಬೇಕು. ಕಟ್ಟಿದರೆ ಇನ್ನೊಂದು ಬೆಳಗ್ಗೆ ಇನ್ನೊಬ್ಬ ಅಗಳಿ ತೆಗೆದು ಹೊರಗೆ ಬರುತ್ತಾನೆ.

ಅವನು ಅಂಗಡಿಗೆ ಹೋಗಿ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೀಚುತ್ತಾ ಕೂತ. ಯಾರಿಗೂ ಹೇಳದೆ ಹೊಂದಿಸುವ ದಾರಿ ಒಂದಿತ್ತು. ಎರಡೆರಡು ಹಾರ್ನನ್ನು ಒಂದರ ಹಿಂದೆ ಒಂದರಂತೆ ಕಟ್ಟಿ, ಅಂಥ ಮೂರು ಜೊತೆ ಮಾಡಿದರೆ ಹತ್ತು ಓಮಿಗಿಂತ ಮೇಲೆಯೇ ಬರುತ್ತದೆ, ಪೆಟ್ಟಿಗೆ ತಣ್ಣಗಿರುತ್ತದೆ. ಆದರೆ ಹಾಗೆ ಕಟ್ಟಿದರೆ ಜೊತೆಯಲ್ಲಿ ಒಂದರ ವೈರನ್ನು ಕೋತಿ ಕಿತ್ತರೂ ಇನ್ನೊಂದು ಸತ್ತಂತೆ. ಕೆರೆ ಬಯಲಿನ ವೈರಿನ ಮೇಲೆ ಕೊಂಬೆ ಮುರಿದು ಬಿದ್ದರೆ ದಿಬ್ಬದ ಆಚೆ ಸದ್ದಿಲ್ಲ. ಮದುವೆ ಮನೆಗೆ ಅದು ನಡೆದೀತು, ಆನೆಗೆ ನಡೆಯದು. ಅಳಿಸಿದ. ಉಳಿದದ್ದು ಒಂದೇ ದಾರಿ, ನಾಲ್ಕು ಉಳಿಸಿಕೊಂಡು ಮಿಕ್ಕದ್ದನ್ನು ಇಳಿಸುವುದು. ಕಾರಣ ಹೇಳದೆ ಕರಿಕಲ್ಲಹುಂಡಿಯ ಯಾವ ಕೇರಿಯವರು ತಮ್ಮ ಹಾರ್ನು ಇಳಿಸಲು ಬಿಟ್ಟಾರು? ಕಾರಣ ಹೇಳಿದರೆ ಮೂವತ್ತೈದು ವರ್ಷದ ಹೆಸರು ಅಲ್ಲಿಗೆ ಹೋಯಿತು. ಮತ್ತೆ ಯಾರು ಕರೆದಾರು, ಯಾರು ನಂಬಿಯಾರು? ಚಿಕ್ಕಬಸಪ್ಪನಿಗೆ ನಿಜವಾಗಿ ಹೆದರಿಕೆ ಆಯಿತು.

ಭಾನುವಾರ ಹತ್ತು ಗಂಟೆಗೆ ಹೋದ. ಜವರಯ್ಯನನ್ನು ಪಡಸಾಲೆಯ ಮಂಚದ ಮೇಲೆ ಮಲಗಿಸಿದ್ದರು. ತೊಡೆಯಿಂದ ಪಾದದವರೆಗೆ ಬಿಳಿ ಪಟ್ಟಿ. ಕುಳ್ಳಮ್ಮ ತಲೆದಿಂಬಿನ ಹತ್ತಿರ ಕೂತಿದ್ದಳು, ಕುಮಾರ ಗೋಡೆಗೆ ಒರಗಿ ನಿಂತಿದ್ದ. ಶರತ್ ಕಾಗದ, ಪೆನ್ನು ತಂದು ಚಿಕ್ಕಬಸಪ್ಪನ ಕೈಗೆ ಕೊಟ್ಟ.

"ಇಲ್ಲೊಂದು, ಕೆಳಗೊಂದು ಹಾಕಿ ಬಸಪ್ಪಣ್ಣ. ಸೀಲು ತಂದಿದ್ದೀರಾ?"

"ಆಗಲ್ಲ" ಅಂದ ಚಿಕ್ಕಬಸಪ್ಪ.

ಶರತ್‌ಗೆ ಅರ್ಥ ಆಗಲಿಲ್ಲ. ಆ ಬಾಯಿಂದ ಆ ಮಾತು ಅವನು ಕೇಳಿಯೇ ಇರಲಿಲ್ಲ. "ಸೀಲು ಮರ್ತು ಬಂದ್ರಾ? ನಾಳೆ ಬೇಕಾದ್ರೆ..."

"ಅದಲ್ಲ ಕಣಪ್ಪ. ರುಜು ಹಾಕಕ್ಕಾಗಲ್ಲ. ಇದ್ರಲ್ಲಿ ಬರ್ದಿರೋದು ಸುಳ್ಳು." ಅವನು ಜೇಬಿನಿಂದ ತಾಮ್ರದ ಹುರಿ ತೆಗೆದು ಮಂಚದ ಮೇಲೆ, ಜವರಯ್ಯನ ಕೈಯ ಹತ್ತಿರ ಇಟ್ಟ. "ಪೆಟ್ಟಿಗೆ ಚೆನ್ನಾಗೇ ಇತ್ತು ಜವರಣ್ಣ. ಅದು ಹೊರೋದು ನಾಕು ಹಾರ್ನು. ನಾನು ಆರು ಹೊರಿಸ್ದೆ. ಹೊರಲಾರೆ ಹೊರಲಾರೆ ಅಂತ ಮೂರು ಸಲ ಫ್ಯೂಸು ಸುಟ್ಕೊಂಡು ಹೇಳ್ತು. ಅದ್ರ ಬಾಯಿಗೆ ಇದನ್ನ ತುರುಕ್ದೆ. ಅದಕ್ಕೇ ಅವತ್ತು ತಮಟೆ ನಿಂತಿದ್ದು."

ಮೊದಲು ಬಾಯಿ ತೆರೆದವನು ಕುಮಾರ. "ಓಮ್ ಕಮ್ಮಿ ಆಗದೆ, ಅದ್ಕೇ ಏನೂ ತೊಂದ್ರೆ ಇಲ್ಲ ಅಂತ ನಾನು ಅಂದ್ಕೊಂಡಿದ್ದೆ" ಅಂದ.

"ಎಲ್ರೂ ಅಂಗೇ ಅಂದ್ಕೊಳ್ಳೋದು. ಕಮ್ಮಿ ಆದಷ್ಟೂ ಭಾರ ಜಾಸ್ತಿ. ನಿಂಗೆ ಗೊತ್ತಿರ್ಲಿಲ್ಲ ಕುಮಾರ, ನಂಗೆ ಗೊತ್ತಿತ್ತು."

ಆ ಮಾತಿಗೆ ಕುಳ್ಳಮ್ಮ ಎದ್ದು ನಿಂತಳು. "ಗೊತ್ತಿತ್ತಾ? ಗೊತ್ತಿದ್ದೂ ಮಾಡ್ದಾ? ಈ ಕೈಲಿ ನಿಂಗೆ ಅನ್ನ ಇಕ್ಕಿದ್ನಲ್ಲೋ ಬಸಪ್ಪ! ತಮಟೆ ನಿಂತದೆ ಅಂತ ನಂಬ್ಕೊಂಡು ಈಚೆಗೆ ಬಂದ್ರಲ್ಲೋ ನಮ್ಮೋರು!" ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಶರತ್ ಕಾಗದವನ್ನು ಕಿತ್ತುಕೊಂಡು ಹರಿದು, "ಅಣ್ಣ ಅಂತ ಕರೀತಿದ್ನಲ್ಲ ನಿಮ್ಮನ್ನ" ಅಂದ. ಹೊಡೆದೇಬಿಡುತ್ತಾನೇನೋ ಎನ್ನುವ ಹಾಗೆ ನಿಂತಿದ್ದ. ಹೊಡೆದಿದ್ದರೆ ಚಿಕ್ಕಬಸಪ್ಪ ತಡೆಯುತ್ತಿರಲಿಲ್ಲ.

ಜವರಯ್ಯ ಹುರಿಯನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದ. "ಸುಮ್ಕಿರ್ಲಾ ಶರತಾ" ಅಂದ. ಆಮೇಲೆ, "ಬಸಪ್ಪ, ಎಷ್ಟನೇ ಹಾರ್ನಿಗೆ ಹದ ತಪ್ತು?" ಎಂದು ಕೇಳಿದ.

"ಐದನೇದಕ್ಕೇ ತಪ್ಪಿತ್ತು ಅಣ್ಣ" ಅಂದ ಚಿಕ್ಕಬಸಪ್ಪ. ಅದು ನಿಜವೇ. ಆದರೆ ಪೂರ್ತಿ ನಿಜ ಅಲ್ಲ. ಆರನೆಯದರ ಮಾತು ಎತ್ತಲು ಅವನಿಗೆ ಮನಸ್ಸಿರಲಿಲ್ಲ.

ಜವರಯ್ಯ ಬೆರಳು ಮಡಿಸಿ ಎಣಿಸಿದ. ಟ್ಯಾಂಕು, ಕೆರೆ, ಮೇಲಿನ ಕೇರಿ, ಕೆಳಗಿನ ಕೇರಿ, ಮಾರಿಗುಡಿ. ಹೆಬ್ಬೆರಳು ಮಡಿಸಿದ ಮೇಲೆ ಇನ್ನೊಂದು ಕೈ ಎತ್ತಿದ. "ಆರನೇದು ನಂದು."

"ಅಣ್ಣ, ಅದು..."

"ಎಲ್ಲಾರ್ಗಿಂತ ಕೊನೇಲಿ ಬಂದು ಕೇಳ್ದೋನು ನಾನು. ಮೊದ್ಲು ನಂದು ಬಿಚ್ಚು."

"ಇಲ್ಲ. ನಿಮ್ದು ಬಿಚ್ಚಲ್ಲ." ಒಂದೇ ದಿನ ಎರಡನೆಯ ಸಲ ಅವನ ಬಾಯಿಂದ ಬಂದ ಮಾತು ಅದು. "ಆನೆ ಬರೋದು ಹೊಲಕ್ಕೆ, ಕೇರಿಗಲ್ಲ. ಟ್ಯಾಂಕು, ಕೆರೆ, ನಿಮ್ಮ ದಿಬ್ಬ, ಈ ಮೂರು ಇರ್ಲೇಬೇಕು. ಊರೊಳಗೆ ಎರಡು ಕೇರೀದೂ ಗುಡೀದೂ ಮೂರೂ ಇಳಿಸ್ತೀನಿ. ಕೇರಿ ಸೇರೋ ಜಾಗದಲ್ಲಿ ಎಲ್ಲಾರ್ಗೂ ಸೇರಿ ಒಂದು. ಒಟ್ಟು ನಾಕು. ನನ್ನ ಅಂಗ್ಡಿ ಪೆಟ್ಟಿಗೆ ತಂದಿದ್ದೀನಿ, ಗಾಡೀಲದೆ, ಅದು ಇಲ್ಲೇ ಇರ್ತದೆ. ಮತ್ತೆ ಕುಮಾರ, ತಮಟೆ ನಿಂತ್ರೆ ಆನೆ ಓಯ್ತು ಅನ್ನೋದು ಇವತ್ತಿಗೆ ಮುಗೀತು. ಪೆಟ್ಟಿಗೆ ಯಾವಾಗ ಬೇಕಾದ್ರೂ ಸಾಯ್ತದೆ. ಆನೆ ಓಯ್ತು ಅಂತ ಬಾಯಲ್ಲಿ ಹೇಳೋಗಂಟ ಯಾರೂ ಅಗಳಿ ತೆಗೀಬಾರ್ದು. ಹೇಳ್ದೆ ಸದ್ದು ನಿಂತ್ರೆ ಆನೆ ಅಲ್ಲೇ ಅದೆ ಅಂತಲೇ ತಿಳ್ಕೋಬೇಕು."

ಕುಮಾರ ತಲೆ ಆಡಿಸಿದ. ತಮಟೆಯನ್ನು ತಂದವನು ತಾನು ಎಂಬುದು ಅವನನ್ನು ಆಸ್ಪತ್ರೆಯ ದಿನದಿಂದಲೂ ತಿನ್ನುತ್ತಿತ್ತು.

ಚಿಕ್ಕಬಸಪ್ಪ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟ. "ತಪ್ಪಾಯ್ತು ಜವರಣ್ಣ" ಅಂದ. ಅಷ್ಟು ಹೊತ್ತೂ ತಡೆದಿದ್ದ ಅಳು ಬಂತು. ಜವರಯ್ಯ ಅವನಿಗೆ ಸಮಾಧಾನ ಹೇಳಲಿಲ್ಲ. ಪರವಾಗಿಲ್ಲ ಬುಡು ಅನ್ನಲಿಲ್ಲ. ಪರವಾಗಿಲ್ಲದ ವಿಷಯ ಅದಾಗಿರಲಿಲ್ಲ. ಪಟ್ಟಿ ಸುತ್ತಿದ ತನ್ನ ಕಾಲನ್ನೇ ನೋಡುತ್ತಾ ಹೇಳಿದ:

"ನಾನು ಕೇಳ್ದಾಗ ಆಗಲ್ಲ ಅಂದಿದ್ರೆ ನಿನ್ನ ಬೈತಿದ್ದೆ ಕಣೋ ಬಸಪ್ಪ. ಊರು ಕೇಳೋ ಅಂಗೆ ಬೈತಿದ್ದೆ. ಬೈಸ್ಕೊಂಡು ಮನೆಗೋಗ್ಬೇಕಿತ್ತು ನೀನು. ಬೈಗುಳ ಏನ್ಮಾಡ್ತದೆ, ಎರಡು ದಿನಕ್ಕೆ ಆರೋಯ್ತದೆ. ನನ್ ಕಾಲು ಉಳೀತಿತ್ತು."

ಚಿಕ್ಕಬಸಪ್ಪ ಎದ್ದು ಹೊರಗೆ ಬಂದ. ಆ ಮನೆಯಲ್ಲಿ ಅವತ್ತು ಅವನಿಗೆ ಯಾರೂ ಊಟಕ್ಕೆ ಏಳು ಅನ್ನಲಿಲ್ಲ. ಇನ್ನು ಮುಂದೆ ಅಂದಾರು ಎಂಬ ನಂಬಿಕೆಯೂ ಅವನಿಗಿರಲಿಲ್ಲ. ಗಾಡಿಯಿಂದ ತನ್ನ ಆಂಪ್ಲಿಫೈಯರ್ ಇಳಿಸಿ ಡೇರಿಯ ಕೋಣೆಯಲ್ಲಿ ಇಟ್ಟ. ಸರಿಯಾದ ಫ್ಯೂಸು ಹಾಕಿ, ಇನ್ನೂ ಹತ್ತು ಫ್ಯೂಸಿನ ಡಬ್ಬಿಯನ್ನು ಅದರ ನೆತ್ತಿಗೆ ಟೇಪು ಸುತ್ತಿ ಅಂಟಿಸಿದ. ಆಮೇಲೆ ಕುಮಾರನ ಜೊತೆ ಏಣಿ ಹೊತ್ತುಕೊಂಡು ಊರೊಳಗೆ ನಡೆದ.

ಮೇಲಿನ ಕೇರಿಯ ಹಾರ್ನು ಇಳಿಸುವಾಗ ಹೆಂಗಸರೆಲ್ಲ ಬಾಗಿಲಿಗೆ ಬಂದರು. ವಿಷಯ ಅವರಿಗೆ ಆಗಲೇ ಮುಟ್ಟಿತ್ತು. ಒಬ್ಬಳು ಅವನ ವಂಶವನ್ನೇ ಎತ್ತಿದಳು. ಕೆಳಗಿನ ಕೇರಿಯಲ್ಲಿ, ಮೇಲಿನವರದ್ದು ನಿಜವಾಗಿ ಇಳಿಸಿದ್ದಾನೋ ಇಲ್ಲವೋ ನೋಡಿಕೊಂಡು ಬನ್ನಿ ಎಂದು ಇಬ್ಬರನ್ನು ಕಳಿಸಿ, ಅವರು ಬಂದು ಹೌದು ಅಂದ ಮೇಲೆಯೇ ಏಣಿ ಹಾಕಲು ಬಿಟ್ಟರು. ಕೊನೆಗೆ ಮಾರಿಗುಡಿ. ಮರಿಯಯ್ಯ ಮನೆಯ ಜಗಲಿಯಿಂದ ಇಳಿದು ಬಂದು ಏಣಿಯ ಬುಡದಲ್ಲಿ ನಿಂತ.

"ತಾಯಿ ಮುಂದಿಂದ ಕೀಳ್ತಿದ್ದೀಯಲ್ಲ, ಕೈ ಸೇದೋಯ್ತದೆ ನಿಂದು! ಒಂದು ಮನೆ ಮುರಿದಿದ್ದು ಸಾಲ್ದಾ? ಇನ್ನು ಈ ಹೋಬಳೀಲಿ ನಿನ್ನ ಮೈಕು ಯಾರು ಕರೀತಾರೋ ನಾನೂ ನೋಡ್ತೀನಿ! ಇಳಿಯೋ ಕೆಳಕ್ಕೆ!"

ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಿಕ್ಕಬಸಪ್ಪ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಕಾದು, ಸ್ಪ್ಯಾನರ್ ಹಾಕಿ ತಿರುಗಿಸಿದ. ಬಿಡಲಿಲ್ಲ. ಮತ್ತೆ ಎಣ್ಣೆ ಬಿಟ್ಟ. ಮರಿಯಯ್ಯ ಅರ್ಧ ಗಂಟೆ ಬೈದ. ಚಿಕ್ಕಬಸಪ್ಪ ಏಣಿಯ ಮೇಲೆ ನಿಂತು ಅಷ್ಟನ್ನೂ ಬೈಸಿಕೊಂಡು, ಹಾರ್ನು ಬಿಚ್ಚಿಕೊಂಡೇ ಕೆಳಗಿಳಿದ.